ಹಂಸವೋ, ಬಾತೋ

ಇಪ್ಪತ್ತಾರು ವರ್ಷ ಚಳ್ಳಕೆರೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸಿದ್ದೆ. ಅಷ್ಟೂ ವರ್ಷ ತಪ್ಪದೆ, ಹಂಸಪಕ್ಷಿಯು ಹಾಲಿನಲ್ಲಿ ಬೆರೆತ ನೀರನ್ನು ಬಿಟ್ಟು ಹಾಲನ್ನಷ್ಟೇ ಕುಡಿಯುತ್ತದೆ ಎಂದು ಬೋಧಿಸಿದ್ದೆ. ಹಂಸವನ್ನು ನಾನು ಕಂಡಿರಲಿಲ್ಲ, ಮಕ್ಕಳೂ ಕಂಡಿರಲಿಲ್ಲ. ಪಾಠ ಸುಗಮವಾಗಿ ಸಾಗಲು ಇದಕ್ಕಿಂತ ಅನುಕೂಲಕರ ಪರಿಸ್ಥಿತಿ ಬೇರೊಂದಿಲ್ಲ. ಅಷ್ಟು ಕಾಲದಲ್ಲಿ ನಾನು ತಪ್ಪು ಹೇಳಿದೆನೆಂದು ಒಮ್ಮೆಯೂ ನಾಲ್ಕು ಜನರ ಮುಂದೆ ಒಪ್ಪಿಕೊಂಡಿದ್ದಿಲ್ಲ. ತಪ್ಪು ಹೇಳಿರಲಿಲ್ಲವೆಂದಲ್ಲ, ಒಪ್ಪಿಕೊಳ್ಳುವ ಸಂದರ್ಭವನ್ನು ಉಪಾಯವಾಗಿ ದಾಟಿಕೊಂಡು ಬಂದಿದ್ದೆ. ಈ ಅಖಂಡ ವ್ರತ ಭಂಗವಾದದ್ದು ಒಬ್ಬ ಪಂಪ್‌ಸೆಟ್ ಮೆಕ್ಯಾನಿಕ್ಕಿನಿಂದ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಅವರ ಮೇಲೆ ನನಗಿದ್ದ ಹೊಟ್ಟೆಕಿಚ್ಚಿನಿಂದ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆ ವರ್ಷ ಮಳೆ ದಾರಿ ತಪ್ಪಿ ನಮ್ಮ ಕಡೆ ಬಂದಂತೆ ಎರಡು ವಾರ ಸುರಿದು, ಮೊಳಕಾಲ್ಮೂರು ತಾಲ್ಲೂಕಿನ ನನ್ನ ಹೆಂಡತಿಯ ತವರೂರಿನ ಕೆರೆ ತುಂಬಿತು. ಊರಿನ ಹೆಸರು ಬೇಡ. ದೇವಸಮುದ್ರದ ಬಸ್ಸಿಳಿದು ಅರ್ಧ ಗಂಟೆ ನಡೆಯಬೇಕು ಎಂದರೆ ಸಾಕು. ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ನನ್ನ ಹೆಂಡತಿಯ ಅಣ್ಣ, ಅಂದರೆ ನನ್ನ ಭಾವ, ಹೇಳಿಕಳಿಸಿದರು: ಕೆರೆಗೆ ಎಂಥವೋ ಹಕ್ಕಿ ಬಂದಿವೆ, ಮೇಷ್ಟ್ರು ಬಂದು ನೋಡಿ ಇಂಥವೆಂದು ಹೇಳಲಿ.

ಅಳಿಯನ ವಿದ್ಯೆಗೆ ಮಾವನ ಊರಿನಿಂದ ಆಹ್ವಾನ ಬರುವುದು ಅಪರೂಪ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಂಡತಿಯನ್ನು ಕರೆದುಕೊಂಡು ಹೋದೆ. ಕೆರೆಯ ನಡುವೆ ಬೂದುಬಣ್ಣದ ದೊಡ್ಡ ಹಕ್ಕಿಗಳು ಗುಂಪುಗುಂಪಾಗಿ ತೇಲುತ್ತಿದ್ದವು. ಬಿಳಿ ತಲೆ, ತಲೆಯ ಹಿಂದೆ ಕಾಡಿಗೆಯಲ್ಲಿ ಎಳೆದಂತೆ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು. ನಾನು ಒಂದು ಕ್ಷಣ ಕಣ್ಣು ಮುಚ್ಚಿದೆ. ಗೊತ್ತಿಲ್ಲದಾಗ ನಾನು ಮಾಡುವುದೇ ಹಾಗೆ. ನೋಡುವವರಿಗೆ ಅದು ಚಿಂತನೆಯಂತೆ ಕಾಣುತ್ತದೆ.

"ರಾಜಹಂಸ," ಎಂದೆ. "ಮಾನಸ ಸರೋವರದಿಂದ ಬಂದಿವೆ."

ಭಾವ ಕೆರೆ ಏರಿಯ ಮೇಲೆಯೇ ಚಪ್ಪಲಿ ಬಿಟ್ಟರು. ನನ್ನ ಹೆಂಡತಿಯ ದೊಡ್ಡವ್ವ, ರಾಯದುರ್ಗದ ಕಡೆಯಿಂದ ಬಂದವರು, ಎರಡೂ ಕೈ ಜೋಡಿಸಿ, "ಹಂಸಲು ವಚ್ಚಿನಾಯಿ," ಎಂದು ತೆಲುಗಿನಲ್ಲಿ ಹಂಸಗಳ ಆಗಮನವನ್ನು ಊರಿಗೆ ಸಾರಿದರು. ಎದುರಿಗೆ ಜಟಿಂಗ ರಾಮೇಶ್ವರದ ಬೆಟ್ಟ. ಜಟಾಯು ಬಿದ್ದ ಜಾಗ ಅದೇ ಎನ್ನುತ್ತಾರೆ. ಹಕ್ಕಿಗಳ ವಿಷಯದಲ್ಲಿ ಈ ಸೀಮೆಗೆ ಮೊದಲಿಂದಲೂ ಒಂದು ಘನತೆ ಇದೆ. ಆ ಸಾಲಿನಲ್ಲಿ ಆ ದಿನ ನನ್ನದೂ ಒಂದು ಪಾಲು ಸೇರಿತೆಂದು ಭಾವಿಸಿದೆ.

ಸಂಜೆ ಭಾವನ ಬೋರಿನ ಮೋಟರು ನೋಡಲು ಚಳ್ಳಕೆರೆಯಿಂದ ಮೆಕ್ಯಾನಿಕ್ ಬಂದರು. ಪೇಟೆಯಲ್ಲಿ ಅವರದೊಂದು ಮೋಟರ್ ವೈಂಡಿಂಗ್ ಅಂಗಡಿ. ಸುತ್ತಲ ಹಳ್ಳಿಗಳಿಗೆಲ್ಲ ಮೊಪೆಡ್ಡಿನಲ್ಲಿ ಹೋಗಿ ಪಂಪು ರಿಪೇರಿ ಮಾಡುತ್ತಿದ್ದರು. ಊರೆಲ್ಲ ಅವರನ್ನು ಭಾಯ್ ಎನ್ನುತ್ತಿತ್ತು. ಕೈಯ ಗ್ರೀಸು ಒರೆಸಿಕೊಂಡು, ಮೊಪೆಡ್ಡಿನ ಚೀಲದಿಂದ ಒಂದು ದುರ್ಬೀನು ತೆಗೆದು ಕೆರೆಯತ್ತ ಹಿಡಿದರು. ಬೆಂಗಳೂರಿಂದ ಹಕ್ಕಿ ನೋಡಲು ಬಂದವರ ಜೀಪು ಮೊಳಕಾಲ್ಮೂರಿನ ಪಕ್ಕದ ಹಾನಗಲ್ಲಿನ ಹತ್ತಿರ ಕೆಟ್ಟು ನಿಂತಾಗ ಸರಿ ಮಾಡಿಕೊಟ್ಟರಂತೆ. ಅವರು ಸಂತೋಷಕ್ಕೆ ದುರ್ಬೀನನ್ನೂ ಒಂದು ಇಂಗ್ಲಿಷ್ ಪುಸ್ತಕವನ್ನೂ ಕೊಟ್ಟುಹೋದರಂತೆ. ನಾನು ಇಷ್ಟು ವರ್ಷ ಎಷ್ಟೋ ಜನರ ವ್ಯಾಕರಣ ಸರಿ ಮಾಡಿದ್ದೇನೆ. ಯಾರೂ ಒಂದು ಪೆನ್ನು ಕೊಟ್ಟಿಲ್ಲ.

ಭಾಯ್ ನನ್ನನ್ನು ಪಕ್ಕಕ್ಕೆ ಕರೆದರು. "ಮೇಷ್ಟ್ರೇ, ತಪ್ಪು ತಿಳ್ಕೋಬೇಡ್ರಿ. ಕ್ಯಾಲೆಂಡರ್‌ನಾಗೆ ಬರೆದಿರ್ತಾರಲ್ಲ, ಉದ್ದ ಕುತ್ತಿಗೆ, ಬೆಳ್ಳಗೆ, ಆ ಹಂಸ ನಮ್ಮ ಕಡೆ ಬರಂಗಿಲ್ಲ. ಯಾವಾಗಾದ್ರೂ ಒಂದೋ ಎರಡೋ ಉತ್ತರದ ಕಡೆ ಬಂದ್ರೆ ಬಂತು. ಇವು ಪಟ್ಟೆತಲೆ ಹೆಬ್ಬಾತು."

"ಬಾತು?" ಎಂದೆ.

"ಹೆಬ್ಬಾತು. ಹಿಮಾಲಯದ ಆಚೆಯವು. ಬೇಸಿಗೆನಾಗೆ ಅಲ್ಲಿ ಮೊಟ್ಟೆ ಇಡ್ತಾವೆ, ಚಳಿಗಾಲಕ್ಕೆ ಬೆಟ್ಟ ಹಾರಿ ಇಲ್ಲಿಗೆ ಬರ್ತಾವೆ. ವಾಪಸ್ ಹೋಗಾಕೆ ಮೈಯಾಗೆ ಕೊಬ್ಬು ಬೇಕು. ಹಗಲೊತ್ತು ನೀರಾಗೆ ಯಾರೂ ಕೆಣಕದಂಗೆ ಬಿಟ್ರೆ ಸಾಕು, ಇನ್ನೇನೂ ಕೇಳಂಗಿಲ್ಲ." ಚೀಲದಿಂದ ಪುಸ್ತಕ ತೆಗೆದು ನನ್ನ ಕೈಗಿಟ್ಟರು. "ಇದು ಓದ್ರಿ. ಪೂರ್ತಿ ಓದ್ರಿ. ಆದ್ರೆ ಒಂದು ಬಾತ್. ಊರಾಗೆ ಹಂಸ ಅಂತಾನೇ ಇರ್ಲಿ ಬಿಡ್ರಿ. ಹಂಸ ಅಂದ್ರೆ ಯಾರೂ ಕಲ್ಲು ಎತ್ತಂಗಿಲ್ಲ."

ಅವರ ಉರ್ದುವಿನಲ್ಲಿ ಬಾತ್ ಎಂದರೆ ಮಾತು. ಆ ಬಾತಿಗೂ ಈ ಬಾತಿಗೂ ಏನು ಸಂಬಂಧ ಬರಲಿದೆಯೆಂದು ನನಗಾಗ ತಿಳಿಯಲಿಲ್ಲ. ನನ್ನ ತಪ್ಪನ್ನು ನಾಲ್ಕು ಜನರ ಮುಂದೆ ಹೇಳದೆ ಮುಚ್ಚಿಟ್ಟ ದೊಡ್ಡತನವೊಂದೇ ಕಂಡದ್ದು. ಎದುರಾಳಿ ದೊಡ್ಡತನ ತೋರಿಸಿದರೆ ಕಿಚ್ಚಿಗೆ ಎಣ್ಣೆ ಹೊಯ್ದಂತೆ. ಸಣ್ಣವನಾಗಿದ್ದರೆ ಎಷ್ಟೋ ವಾಸಿ.

ಪುಸ್ತಕ ಮನೆಗೆ ತಂದೆ. ಪಟ್ಟೆತಲೆಯ ಹಕ್ಕಿಯ ಚಿತ್ರವಿದ್ದ ಪುಟ ಹುಡುಕಿ, ಹೆಸರು, ರೆಕ್ಕೆಯ ಅಳತೆ, ಊರು, ಆಹಾರ ಎಲ್ಲವನ್ನೂ ಬಾಯಿಪಾಠ ಮಾಡಿದೆ. ಕಾಲಿನ ಬಣ್ಣದವರೆಗೆ ಕಂಠಸ್ಥವಾದ ಮೇಲೆ ಪುಸ್ತಕ ಮುಚ್ಚಿದೆ. ಮುಂದಿನ ಪುಟ ತಿರುಗಿಸಲಿಲ್ಲ. ಪರೀಕ್ಷೆಗೆ ಬರುವಷ್ಟು ಮಾತ್ರ ಓದಬಾರದು ಎಂದು ಮಕ್ಕಳಿಗೆ ಬುದ್ಧಿ ಹೇಳುವ ಕೆಲಸವೂ ನನ್ನದೇ ಆಗಿತ್ತು.

ಆಮೇಲೆ ಸುಮಾರು ಎರಡು ತಿಂಗಳು ನಾನು ಅನುಭವಿಸಿದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ, ವಿಸ್ತರಿಸಿದರೆ ಆರೋಗ್ಯ ಕೆಡುತ್ತದೆ. ಬೆಂಗಳೂರಿನ ಹಕ್ಕಿ ನೋಡುವವರು ಮತ್ತೆ ಬಂದರು. ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ನಾನಾಗಿಯೇ ಎದುರು ಹೋಗಿ, ಇಲ್ಲಿಯ ಪಕ್ಷಿಗಳ ವಿಷಯದಲ್ಲಿ ನನ್ನಿಂದ ಏನಾದರೂ ಸಹಾಯ ಬೇಕೆ ಎಂದೆ. "ಭಾಯ್ ಅಂಗಡಿ ಯಾವ ಕಡೆ?" ಎಂದು ಕೇಳಿದರು. ತೋರಿಸಿದೆ. ನನ್ನ ಹೆಂಡತಿ ತವರಿಗೆ ಹೋದಾಗೆಲ್ಲ ಭಾಯಿಯ ಸುದ್ದಿಯನ್ನೇ ತರುತ್ತಿದ್ದಳು.

"ಆ ಹಕ್ಕಿ ಒಂದೇ ಜೋಡಿ ಅಂತೆ, ಸಾಯೋ ತನಕ. ಹಾರುವಾಗ ಮುಂದಿನದಕ್ಕೆ ದಣಿವಾದ್ರೆ ಹಿಂದಿನದು ಮುಂದೆ ಬರ್ತೈತಂತೆ. ಭಾಯ್ ಹೇಳಿದ್ರು. ಕೇಳಾಕೆ ಎಷ್ಟು ಚಂದ."

"ಇದೆಲ್ಲ ನನಗೂ ಗೊತ್ತಿದೆ."

"ಗೊತ್ತಿದ್ರೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ? ನನಗೆ ನೀವು ಹೇಳಿದ್ದು ಷಟ್ಪದಿ ಲಕ್ಷಣ ಒಂದೇ."

ಇದನ್ನು ನುಂಗಿಕೊಂಡೆ. ನುಂಗಲಾಗದ್ದು ಜನವರಿಯಲ್ಲಿ ಬಂತು. ನಮ್ಮ ಹೆಡ್‌ಮಾಸ್ಟರು ಭಾಯಿಯನ್ನು ಶಾಲೆಗೆ ಕರೆಸಿ ವಲಸೆ ಹಕ್ಕಿಗಳ ಬಗ್ಗೆ ಮಾತಾಡಿಸಿದರು. ಅದಕ್ಕೆ ಅವರು ಕಿತ್ತುಕೊಂಡದ್ದು ನನ್ನ ಪೀರಿಯಡ್ಡು, ನನ್ನ ಹತ್ತನೇ ತರಗತಿ, ಆ ವಾರ ನಾನು ಹೇಳಬೇಕಿದ್ದ ಹಂಸದ ಪಾಠ. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಭಾಯ್ ಸೀಮೆಸುಣ್ಣ ಹಿಡಿದದ್ದು ಸ್ಕ್ರೂಡ್ರೈವರ್ ಹಿಡಿದ ಹಾಗೆ. ಆದರೂ ಬೋರ್ಡಿನ ಮೇಲೆ ಹಿಮಾಲಯ ಎದ್ದು ನಿಂತಿತು. ಅದರ ಮೇಲೆ ಒಂದು ಸಾಲು ಹಕ್ಕಿ. ಆ ಮಕ್ಕಳು ನನ್ನ ತರಗತಿಯಲ್ಲಿ ಆಕಳಿಸದೆ ನಲವತ್ತೈದು ನಿಮಿಷ ಕೂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಕೊನೆಗೆ ಒಬ್ಬಳು ಹುಡುಗಿ ಎದ್ದು, "ಹಂಸ ಹಾಲು ನೀರು ಬೇರೆ ಮಾಡ್ತೈತಾ ಸಾರ್?" ಎಂದಳು. ಅವರನ್ನು ಸಾರ್ ಎಂದಳು.

ಭಾಯ್ ನನ್ನತ್ತ ನೋಡಿ ನಕ್ಕರು. "ಅದು ಮೇಷ್ಟ್ರ ಇಲಾಖೆ ಕಣಮ್ಮ. ಅಂಥದ್ದೊಂದು ಹಂಸ ಸಿಕ್ರೆ ಹೇಳ್ರಿ ಮೇಷ್ಟ್ರೇ, ನಮ್ಮ ಬೀದಿ ಹಾಲಿನವನ ಮನೆಗೆ ಬಿಟ್ಟುಬರ್ತೀನಿ."

ತರಗತಿ ನಕ್ಕಿತು. ಹೆಡ್‌ಮಾಸ್ಟರೂ ನಕ್ಕರು. ನಾನೂ ನಕ್ಕೆ, ಆ ನಗು ನಗಲು ತೆಗೆದುಕೊಂಡ ಶ್ರಮಕ್ಕೆ ಸರ್ಕಾರ ಭತ್ಯೆ ಕೊಡಬೇಕಿತ್ತು.

ಮುಂದಿನ ಭಾನುವಾರ ಹೆಂಡತಿಯ ಊರಿನ ಅರಳಿಕಟ್ಟೆಯಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ಹಕ್ಕಿಗಳು ಬೆಳಗಿನ ಜಾವ ಹೊಲಕ್ಕಿಳಿದು ಕಡಲೆ ಗಿಡದ ಕುಡಿ ಮೇಯುತ್ತವೆ, ಏನು ಮಾಡುವುದು ಎಂಬುದು ವಿಷಯ. ಒಬ್ಬರು ಪಟಾಕಿ ಹೊಡೆಯೋಣ ಎಂದರು. ಭಾವ ತಡೆದರು. "ಹಂಸಕ್ಕೆ ಪಟಾಕಿ ಹೊಡೀತೀಯೇನಲೇ? ನಾಲ್ಕು ಕುಡಿ ತಿಂದ್ರೆ ತಿನ್ಲಿ. ನಿನ್ನ ಹೊಲಕ್ಕೆ ಸರಸ್ವತಿ ಇನ್ನು ಹೆಂಗೆ ಬರ್ತಾಳೆ, ನೀನಂತೂ ಸ್ಕೂಲಿಗೆ ಹೋಗ್ಲಿಲ್ಲ." ಎಲ್ಲರೂ ನಕ್ಕರು. ಪಟಾಕಿಯ ಮಾತು ಅಲ್ಲಿಗೇ ಆರಿತು. ಎದ್ದು ಮನೆಗೆ ಹೋಗಬಹುದಾಗಿತ್ತು.

ಆಗ ದೊಡ್ಡವ್ವ ಹೇಳಿದರು: "ಭಾಯ್ ಇದ್ದಿದ್ರೆ ಆ ಹಂಸದ್ದು ಇನ್ನಷ್ಟು ಹೇಳೋನು. ಅವನಿಗೆ ಎಲ್ಲಾ ಗೊತ್ತು."

ನಾನು ಎದ್ದು ನಿಂತೆ. ನಲವತ್ತೈದು ನಿಮಿಷದ ಉಪನ್ಯಾಸವನ್ನು ಹತ್ತು ನಿಮಿಷಕ್ಕೆ ಇಳಿಸಿ ಹೇಳಿದೆ. ಜನರಲ್ಲಿ ಒಂದು ಅಜ್ಞಾನ ಹರಡಿದೆ. ಇವು ಹಂಸಗಳಲ್ಲ. ನಿಜವಾದ ಹಂಸ ಈ ಸೀಮೆಗೆ ಬರುವುದಿಲ್ಲ. ಇವು ಪಟ್ಟೆತಲೆ ಹೆಬ್ಬಾತುಗಳು. ರೆಕ್ಕೆ ಇಷ್ಟು, ಕಾಲು ಇಂಥ ಬಣ್ಣ. ಆ ಅಜ್ಞಾನವನ್ನು ಹರಡಿದವನು ನಾನೇ ಎಂಬ ಅಂಶವನ್ನು ಸಮಯಾಭಾವದಿಂದ ಬಿಟ್ಟೆ.

ಪಟಾಕಿಯ ಮಾತೆತ್ತಿದ್ದವರು ನಿಧಾನವಾಗಿ ಕೇಳಿದರು:

"ಹಂಗಾರೆ ಬಾತು ಅನ್ರಿ."

"ಬಾತಿನ ಕುಲಕ್ಕೆ ಸೇರಿದ್ದು. ದೊಡ್ಡ ಬಾತು."

"ದೊಡ್ಡ ಬಾತು," ಎಂದು ಅವರು ಪಕ್ಕದವರ ಮುಖ ನೋಡಿದರು. ಪಕ್ಕದವರು ಕೆರೆಯ ದಿಕ್ಕು ನೋಡಿದರು. ಬಾತು ಎಂಬುದು ಅಲ್ಲಿಯ ಕನ್ನಡದಲ್ಲೂ ತೆಲುಗಿನಲ್ಲೂ ಒಂದೇ. ಸಂತೆಯಲ್ಲಿ ಕಾಲು ಕಟ್ಟಿ ಮಾರುವ ಹಕ್ಕಿ ಅದು. ಹೋಟೆಲಿಗೆ ಹೋದರೆ ತಟ್ಟೆಗೆ ಬಡಿಸುವುದೂ ಬಾತೇ. ಯಾವ ದಾರಿಯಲ್ಲಿ ಹೋದರೂ ಆ ಶಬ್ದ ಬಾಯಿಗೇ ಬಂದು ಮುಟ್ಟುತ್ತದೆ. ಶಬ್ದಾರ್ಥದಲ್ಲಿ ಪಂಡಿತನಾದ ನನಗೆ ಅದು ಹೊಳೆಯಲಿಲ್ಲ. ಭಾಯಿಗಿಂತ ಹೆಚ್ಚು ಬಲ್ಲವನೆಂದು ತೋರಿಸಿದ ಸಮಾಧಾನದಲ್ಲಿ ಬಸ್ಸು ಹತ್ತಿದೆ.

ಮತ್ತೆ ಹದಿನೈದು ದಿನಕ್ಕೆ ಹೆಂಡತಿಯೊಂದಿಗೆ ಹೋದೆ. ಮಧ್ಯಾಹ್ನ ಭಾವನ ಮನೆಯಲ್ಲಿ ಮುದ್ದೆ, ಬಿಸಿ ಸಾರು. ಎರಡು ತುತ್ತು ಇಳಿದ ಮೇಲೆ ಮೂಳೆ ಕೋಳಿಯದಲ್ಲ ಎನಿಸಿತು.

"ಏನ್ ಭಾವ ಇದು?"

"ನೀವೇ ಹೇಳಿದ್ರಲ್ಲ ಮೇಷ್ಟ್ರೇ. ದೊಡ್ಡ ಬಾತು." ಭಾವ ಇನ್ನೊಂದು ಸೌಟು ಹಾಕಲು ಬಗ್ಗಿದರು. "ಅಂಚಿನಾಗೆ ಉರುಲು ಇಟ್ಟವ್ರೆ. ಇಷ್ಟು ದಿನ ಸುಮ್ನೆ ಕೈ ಮುಗಿದ್ವಿ."

ತಟ್ಟೆಗೆ ಅಡ್ಡ ಕೈ ಹಿಡಿದೆ. ಜಟಿಂಗ ರಾಮೇಶ್ವರದ ಬೆಟ್ಟದ ಮೇಲೆ ಹಳೆಯ ಚಕ್ರವರ್ತಿಯೊಬ್ಬ ಬಂಡೆಯಲ್ಲಿ ಕೊರೆಸಿದ ಶಾಸನವಿದೆ. ಪ್ರಾಣಿಗಳಲ್ಲಿ ದಯೆ ಇರಲಿ, ಸತ್ಯ ನುಡಿಯಿರಿ ಎಂದು ಅದರ ಸಾರ. ಮೊದಲನೆಯದನ್ನು ಮುರಿದಾಗಿತ್ತು. ಎರಡನೆಯದನ್ನಾದರೂ ಪಾಲಿಸಬೇಕೆಂದು ಇಲ್ಲಿ ಬರೆಯುತ್ತೇನೆ: ಸಾರು ರುಚಿಯಾಗಿತ್ತು.

ಕೈ ತೊಳೆದು ಕೆರೆಗೆ ನಡೆದೆ. ಏರಿಯ ಮೇಲೆ ಮೊಪೆಡ್ ನಿಂತಿತ್ತು. ಭಾಯ್ ಕೆಳಗೆ ಕೆಸರಿನಲ್ಲಿ ಕೂತು, ಉರುಲಿಗೆ ಕಾಲು ಸಿಕ್ಕ ಒಂದು ಹೆಬ್ಬಾತನ್ನು ತಮ್ಮ ಟವೆಲಿನಲ್ಲಿ ಸುತ್ತಿ, ಕಟಿಂಗ್ ಪ್ಲೇಯರಿನಿಂದ ದಾರ ಕತ್ತರಿಸುತ್ತಿದ್ದರು. ಹಕ್ಕಿ ಅವರ ಮುಂಗೈಯನ್ನು ಎರಡು ಕಡೆ ಕಚ್ಚಿ ರಕ್ತ ಬರಿಸಿತ್ತು. ಬಿಟ್ಟ ಕೂಡಲೇ ಕುಂಟುತ್ತ ನೀರಿಗಿಳಿದು, ಹಿಂತಿರುಗಿ ನೋಡದೆ ಹೋಯಿತು. ನಡುನೀರಿನ ಗುಂಪು ಅರ್ಧಕ್ಕರ್ಧ ಇಳಿದಿತ್ತು. ಸತ್ತವು ಕೆಲವು, ಹೆದರಿ ಹೋದವು ಹೆಚ್ಚು.

ಅವರು ಬೈಯಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು.

"ನಾನು ಬ್ಯಾಡ ಅಂದ್ರೆ ಕೇಳಂಗಿಲ್ಲ ಮೇಷ್ಟ್ರೇ. ಕಾನೂನೈತೆ ಅಂದೆ, ನಕ್ಕರು. ಮೇಷ್ಟ್ರೇ ಬಾತು ಅಂದವ್ರೆ ಅಂತಾರೆ. ಬಾತ್ ನಿಮ್ಮದು. ನೀವೇ ವಾಪಸ್ ತಗೋಬೇಕು."

"ವಾಪಸ್ ಅಂದರೆ?"

"ತಪ್ಪು ಹೇಳ್ದೆ ಅನ್ರಿ. ಹಂಸಾನೇ ಅನ್ರಿ."

"ನಾನು ಹೇಳಿದ್ದು ನಿಜ ಅಲ್ಲವೇ? ನೀವೇ ಕೊಟ್ಟ ಪುಸ್ತಕ."

"ನಿಜಾನೇ. ಅದಕ್ಕೇ ಕಷ್ಟ."

ಅವರು ಮುಂಗೈಗೆ ಕರ್ಚೀಫು ಸುತ್ತಿಕೊಂಡರು. ಆ ಗಾಯದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತೆಂದರೆ ಯಾರೂ ನಂಬಲಾರರು. ಹಕ್ಕಿ ಅವರನ್ನು ಕಚ್ಚಿತ್ತು; ನಾನು ಹಕ್ಕಿಯನ್ನು ಕಚ್ಚಿದ್ದೆ. ಇಬ್ಬರಲ್ಲಿ ಯಾರು ಮೇಲೆಂದು ತೀರ್ಮಾನಿಸಲು ಶಾಸನದವರೆಗೆ ಹತ್ತಬೇಕಿರಲಿಲ್ಲ.

ಇಪ್ಪತ್ತಾರು ವರ್ಷದ ವ್ರತ ಒಂದು ಕಡೆ, ನೀರಿನ ನಡುವೆ ಉಳಿದಿದ್ದ ಆ ಅರ್ಧ ಗುಂಪು ಇನ್ನೊಂದು ಕಡೆ. ತಪ್ಪಾಗಿದ್ದಾಗಲೂ ಒಪ್ಪಿಕೊಳ್ಳದವನು ಈಗ ಸರಿಯಾಗಿದ್ದದ್ದನ್ನು ತಪ್ಪೆಂದು ಒಪ್ಪಿಕೊಳ್ಳಬೇಕು. ದಯೆ ಮತ್ತು ಸತ್ಯ ಎರಡನ್ನೂ ಒಂದೇ ಸಂಜೆ ಪಾಲಿಸುವುದು ಹೇಗೆಂದು ಚಕ್ರವರ್ತಿ ಬರೆಸಿರಲಿಲ್ಲ. ಬಂಡೆಯಲ್ಲಿ ಜಾಗ ಸಾಲದಾಯಿತೋ ಏನೋ.

ಸಂಜೆ ಕಟ್ಟೆಯ ಮೇಲೆ ನಿಂತೆ. ಭಾಯ್ ಹಿಂದೆ ಮೊಪೆಡ್ಡಿಗೆ ಒರಗಿ ನಿಂತಿದ್ದರು. "ಹೋದ ಸಲ ನಾನು ಹೇಳಿದ್ದು ತಪ್ಪು," ಎಂದೆ. ಇಷ್ಟು ಚಿಕ್ಕ ವಾಕ್ಯ. ಕ್ರಿಯಾಪದದ ಭಾರವೂ ಇರಲಿಲ್ಲ, ಆದರೂ ಬಾಯಿಂದ ಹೊರಡಲು ಮೂರು ಸಲ ಪ್ರಯತ್ನಿಸಬೇಕಾಯಿತು. "ಅವು ಬಾತಲ್ಲ. ಹಂಸವೇ."

ಪಟಾಕಿಯವರು ಬೀಡಿ ತೆಗೆದರು. "ಮೊದಲು ಹಂಸ ಅಂದ್ರಿ, ಆಮೇಲೆ ಬಾತು ಅಂದ್ರಿ, ಈಗ ಮತ್ತೆ ಹಂಸ. ಮುಂದಿನ ವಾರ ನಾಟಿ ಕೋಳಿ ಅಂದ್ರೆ ಮೊದ್ಲೇ ಹೇಳ್ರಿ ಮೇಷ್ಟ್ರೇ, ಮಸಾಲೆ ಅರೆಸಿ ಇಡ್ತೀವಿ."

ಕಟ್ಟೆ ಬಿದ್ದು ಬಿದ್ದು ನಕ್ಕಿತು. ನನ್ನ ಹೆಂಡತಿ ಸೆರಗು ಬಾಯಿಗೆ ಹಿಡಿದಳು. ನಾನು ನಿಂತೇ ಇದ್ದೆ.

"ಹಾಲು ನೀರು ಬೇರೆ ಮಾಡ್ತಾವಾ?" ದೊಡ್ಡವ್ವ ಕೇಳಿದರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ಸಾರು ತಿಂದವರಲ್ಲಿ ಅವರೂ ಒಬ್ಬರು.

"ಮಾಡ್ತಾವೆ," ಎಂದೆ. "ಯಾರೂ ನೋಡದಿದ್ದಾಗ."

ದೊಡ್ಡವ್ವ ಕೆನ್ನೆಗೆ ಎರಡು ಸಲ ಬಡಿದುಕೊಂಡರು. ಭಾವ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ನನ್ನ ತಲೆಯ ಮೇಲಿಂದ ಹಿಂದಕ್ಕೆ ನೋಡಿ, "ಭಾಯ್, ನೀವು ಹೇಳ್ರಿ. ಹಂಸನಾ, ಬಾತಾ?" ಎಂದರು.

ನಾನು ಮಾನ ಕಳೆದುಕೊಂಡದ್ದು ಮುಗಿದಿತ್ತು. ಆದರೆ ತೀರ್ಪು ಕೊಡುವವರು ಇನ್ನೂ ಅವರೇ. ಆ ಕ್ಷಣ ಭಾಯಿಗೆ ಉತ್ತರ ತಿಳಿಯದೆ ಹೋಗಲಿ ಎಂದು ಹಾರೈಸಿದೆನೆಂಬುದನ್ನೂ ಮುಚ್ಚಿಡುವುದಿಲ್ಲ.

"ಮೇಷ್ಟ್ರು ಹೇಳಿದ ಮೇಲೆ ನಂದೇನೈತೆ?" ಎಂದರು ಭಾಯ್. "ನಾನು ಮೋಟರ್ ರಿಪೇರಿಯೋನು. ಓದಿದೋರು ಅವರು. ಹಂಸಾನೇ."

ಮಾರನೆಯ ಬೆಳಿಗ್ಗೆ ಭಾವನೇ ಕೆರೆಯ ಅಂಚು ಸುತ್ತಿ ಉರುಲುಗಳನ್ನು ಕಿತ್ತು ತಂದು ಒಲೆಗೆ ಹಾಕಿದರು. ಯಾರು ಇಟ್ಟದ್ದೆಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಮಾರ್ಚಿನವರೆಗೆ ಉಳಿದ ಹಕ್ಕಿಗಳು ಇದ್ದು, ಒಂದು ದಿನ ಕಾಣಲಿಲ್ಲ.

ಪುಸ್ತಕ ಹಿಂತಿರುಗಿಸಲು ಅಂಗಡಿಗೆ ಹೋದೆ. ಭಾಯ್ ತಾಮ್ರದ ತಂತಿ ಸುತ್ತುತ್ತಿದ್ದರು. ಚಹಾ ತರಿಸಿದರು. "ಪೂರ್ತಿ ಓದಿದ್ರಾ?" ಎಂದು ಕೇಳಿ, ನನ್ನ ಮುಖ ನೋಡಿ, ತಾವೇ ಪುಟ ತೆಗೆದು ಮುಂದಿಟ್ಟರು. ಪಟ್ಟೆತಲೆಯ ಚಿತ್ರದ ಮುಂದಿನ ಪುಟ. ನಮ್ಮ ದೇಶದ ಹಳೆಯ ಗ್ರಂಥಗಳಲ್ಲಿ ಹಂಸವೆಂದು ಕರೆದದ್ದು ಉದ್ದ ಕುತ್ತಿಗೆಯ ಬಿಳಿಹಕ್ಕಿಯನ್ನಲ್ಲ, ಹಿಮಾಲಯ ದಾಟಿ ಬರುವ ಈ ಹೆಬ್ಬಾತನ್ನೇ ಇರಬಹುದು ಎಂಬ ಅಭಿಪ್ರಾಯವುಂಟು ಎಂದು ಅಲ್ಲಿತ್ತು.

ಎರಡು ಸಲ ಓದಿದೆ. "ಇದು ನಿಮಗೆ ಮೊದಲೇ ಗೊತ್ತಿತ್ತೇ?"

"ಪುಸ್ತಕ ಕೊಟ್ಟ ದಿನಾನೇ ಗೊತ್ತಿತ್ತು. ಪೂರ್ತಿ ಓದ್ರಿ ಅಂದಿದ್ನಲ್ಲ."

"ಹಾಗಿದ್ದರೆ ಕಟ್ಟೆ ಮೇಲೆ ನಾನು ಹೇಳಿದ್ದು ಸುಳ್ಳಲ್ಲ."

"ಸುಳ್ಳಲ್ಲ. ನೀವು ಸುಳ್ಳು ಅಂದ್ಕೊಂಡು ಹೇಳಿದ್ರಿ, ಅಷ್ಟೇ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬೀರು ತೆಗೆದು ಮದುವೆಯ ಮೊಳಕಾಲ್ಮೂರು ಸೀರೆಯನ್ನು ಹಾಸಿಗೆಯ ಮೇಲೆ ಬಿಚ್ಚಿದಳು. ಅಂಚಿನುದ್ದಕ್ಕೂ ಹಂಸದ ಸಾಲು. ಇಷ್ಟು ವರ್ಷ ನೋಡಿದ ಸೀರೆ. ಒಂದಕ್ಕೂ ಕ್ಯಾಲೆಂಡರಿನ ಕುತ್ತಿಗೆ ಇರಲಿಲ್ಲ. ಎಲ್ಲವೂ ಗಿಡ್ಡ ಕುತ್ತಿಗೆಯ, ದಪ್ಪ ಹೊಟ್ಟೆಯ, ಪಕ್ಕಾ ಹೆಬ್ಬಾತು.

"ನೇಯೋರಿಗೆ ಗೊತ್ತಿತ್ತು. ಭಾಯಿಗೆ ಗೊತ್ತಿತ್ತು," ಎಂದು ಅವಳು ಸೀರೆ ಮಡಿಸಿದಳು. ಪಟ್ಟಿಯನ್ನು ಅಲ್ಲಿಗೇ ನಿಲ್ಲಿಸಿದ್ದು ಅವಳ ಸೌಜನ್ಯ.

ಮುಂದಿನ ವರ್ಷ ಕೆರೆಯಲ್ಲಿ ನೀರು ಅಷ್ಟಿರಲಿಲ್ಲ, ಆದರೂ ಇತ್ತು. ನವೆಂಬರ್ ಕೊನೆಗೆ ಶಾಲೆಯ ಫೋನಿಗೆ ಭಾಯ್ ಕರೆ ಮಾಡಿದರು. "ಮೇಷ್ಟ್ರೇ, ನಿಮ್ಮ ಹಂಸ ಬಂದವೆ ಅಂತ ಊರವರು ಅಂತಾವ್ರೆ. ನಾನಿನ್ನೂ ನೋಡಿಲ್ಲ."

ನಾನಿನ್ನೂ ನೋಡಿಲ್ಲ ಎಂಬ ಮಾತು ನನ್ನ ಕಿವಿಯಲ್ಲಿ ಎರಡು ದಿನ ಇಂಪಾಗಿ ಉಳಿಯಿತು. ಭಾನುವಾರ ಹೆಂಡತಿಯನ್ನು ಎಬ್ಬಿಸದೆ ಮೊದಲ ಬಸ್ಸಿಗೇ ಹೊರಟೆ. ದೇವಸಮುದ್ರದಲ್ಲಿ ಇಳಿದು ಅರ್ಧ ಗಂಟೆಯ ದಾರಿಯನ್ನು ಇಪ್ಪತ್ತು ನಿಮಿಷದಲ್ಲಿ ನಡೆದೆ. ಏರಿ ಹತ್ತುವ ಮೊದಲೇ ಹಕ್ಕಿಗಳ ಕೂಗು ಕೇಳಿಸಿತು. ಎದೆ ಉಬ್ಬಿಸಿಕೊಂಡು ಮೇಲೆ ಬಂದೆ.

ಮೊಪೆಡ್ ಅಲ್ಲಿ ನಿಂತಿತ್ತು. ಅದರ ಸೀಟಿನ ಮೇಲೆ ಬೆಳಗಿನ ಜಾವದ ಮಂಜು ಬಿದ್ದು ಒಣಗಿದ ಗುರುತಿತ್ತು. ಭಾಯ್ ಕಲ್ಲಿನ ಮೇಲೆ ಕೂತಿದ್ದವರು ಸರಿದು ಪಕ್ಕದಲ್ಲಿ ಜಾಗ ಬಿಟ್ಟು, ದುರ್ಬೀನನ್ನು ನನ್ನತ್ತ ಚಾಚಿದರು.

ಬೇಡವೆನ್ನಬೇಕೆಂದುಕೊಂಡೆ. ತೆಗೆದುಕೊಂಡೆ.